ತೇಪೆ ಹಾಕಲು ತಡವಾದಾಗ
ಬಟ್ಟೆ ಹರಿದರೆ ಕಣ್ಣಿಗೆ ಕಾಣುತ್ತದೆ. ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯಲ್ಲಿನ ಬಿರುಕು ಹಾಗಲ್ಲ. ಕೋಟಿಗಟ್ಟಲೆ ಸಾಲುಗಳ ಆದೇಶಗಳ ನಡುವೆ ಅಡಗಿರುತ್ತದೆ. ವಿಂಡೋಸ್‌ನಲ್ಲಿ, ಯಂತ್ರಗಳು ಪರಸ್ಪರ ಕಡತ ಹಂಚಿಕೊಳ್ಳುವ ಭಾಗದಲ್ಲಿ ಇಂಥದೊಂದಿತ್ತು. ಮೈಕ್ರೋಸಾಫ್ಟ್ ಸಂಸ್ಥೆ 2017ರ ಮಾರ್ಚ್ 14ರಂದು ಅದಕ್ಕೆ ತೇಪೆ, ಅಂದರೆ ‘ಪ್ಯಾಚ್’, ಹೊರತಂದಿತು. ಏಪ್ರಿಲ್‌ನಲ್ಲಿ ಆ ಬಿರುಕಿನಿಂದ ಒಳನುಗ್ಗುವ ಉಪಾಯವೂ ಬಯಲಾಯಿತು. ಮೇ 12ರಂದು ‘ವನ್ನಾಕ್ರೈ’ ಎಂಬ ಪೀಡೆ ತೇಪೆ ಹಾಕದ ಯಂತ್ರಗಳನ್ನು ಹುಡುಕಿ ಹುಡುಕಿ ಹೊಕ್ಕಿತು. ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೇ ಮುಂದೆ ಹೋದವು. ತೇಪೆ ಬಂದು ಆಗಲೇ 59 ದಿನ!

ಇದನ್ನು ಬರೀ ಸೋಮಾರಿತನವೆನ್ನಲಾಗದು. ತೇಪೆ ಹಾಕಲು ಯಂತ್ರ ನಿಲ್ಲಿಸಬೇಕು. ಸ್ಕ್ಯಾನಿಂಗ್ ಯಂತ್ರಕ್ಕೆ ಹೊಂದಿಸಿದ ಹಳೆಯ ತಂತ್ರಾಂಶ ಅದರಿಂದ ಕೆಡಲೂಬಹುದು. ಅದಕ್ಕೇ ಮೊದಲು ಒಂದೆರಡು ಯಂತ್ರಗಳಲ್ಲಿ ಪರೀಕ್ಷಿಸಿ, ಆಮೇಲೆ ಉಳಿದವಕ್ಕೆ ಹಾಕುತ್ತಾರೆ.