‘ಉಚಿತ ಪ್ರೆಗ್ನೆನ್ಸಿ ಟೆಸ್ಟ್’ ಬೋರ್ಡಿನ ಹಿಂದೆ: ಅಮೆರಿಕದಲ್ಲಿ ಈ ಜಾಹೀರಾತುಗಳಿಗೆ ಕಡಿವಾಣ ಹಾಕೋದು ಯಾಕಿಷ್ಟು ಕಷ್ಟ?

ಇವತ್ತಿನ ವಿಷಯ ಅಮೆರಿಕದ್ದು. ಆದರೆ ಪುಣೆ, ಚೆನ್ನೈ, ಹೈದರಾಬಾದ್‌ನಲ್ಲಿರೋ ನಮ್ಮಂಥವರ ಎಷ್ಟೋ ಮನೆಗಳಿಂದ ಒಬ್ಬ ತಂಗಿಯೋ, ಅಕ್ಕನ ಮಗಳೋ ಅಲ್ಲಿಗೆ ಎಂಎಸ್ ಮಾಡೋಕೆ ಹೋಗಿರ್ತಾಳೆ. ಅವಳಿಗೆ ಇದು ಗೊತ್ತಿರಬೇಕು.

ಒಂದು ಲೆಕ್ಕದಿಂದ ಶುರು ಮಾಡ್ತೀನಿ. ಫ್ಲಾರಿಡಾದಲ್ಲಿ 2024ರ ಮೇ 1ರಿಂದ ಆರು ವಾರದ ನಂತರ ಗರ್ಭಪಾತಕ್ಕೆ ಅವಕಾಶ ಇಲ್ಲ, ಕೆಲವು ವಿನಾಯಿತಿ ಬಿಟ್ಟರೆ. ಆರು ವಾರ ಅಂದ್ರೆ ಗರ್ಭ ನಿಂತ ದಿನದಿಂದ ಅಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. 28 ದಿನದ ಚಕ್ರ ಇರೋ ಹುಡುಗಿಗೆ ಮುಟ್ಟು ಒಂದು ವಾರ ತಡ ಆಯ್ತು ಅಂತ ಗೊತ್ತಾಗೋ ಹೊತ್ತಿಗೆ ಐದು ವಾರ ಮುಗಿದೇ ಹೋಗಿರುತ್ತೆ. ಉಳಿದಿದ್ದು ಏಳು ದಿನ. ಆ ಏಳು ದಿನದಲ್ಲಿ ಅವಳು ಫೋನ್ ತೆಗೆದು ‘ಹತ್ತಿರದ ಅಬಾರ್ಷನ್ ಕ್ಲಿನಿಕ್’ ಅಂತ ಹುಡುಕ್ತಾಳೆ. ಮೇಲೆ ಬರೋ ಜಾಹೀರಾತು: ಉಚಿತ ಟೆಸ್ಟ್, ಉಚಿತ ಸ್ಕ್ಯಾನ್, ನಿಮ್ಮ ಆಯ್ಕೆಗಳ ಬಗ್ಗೆ ಮಾತಾಡೋಣ ಬನ್ನಿ. ಹೋಗಿ ಕೂತ್ರೆ ಅದು ಗರ್ಭಪಾತ ಮಾಡೋ ಜಾಗವೇ ಅಲ್ಲ. ಮಾಡೋರ ವಿಳಾಸವನ್ನೂ ಕೊಡಲ್ಲ. ‘ಇನ್ನೊಂದು ಸ್ಕ್ಯಾನ್‌ಗೆ ಮುಂದಿನ ವಾರ ಬನ್ನಿ’ ಅಂದ್ರೆ ಮುಗೀತು, ಅವಕಾಶದ ಬಾಗಿಲು ಮುಚ್ಚಿದ ಹಾಗೆ.

ಇವನ್ನೇ ಕ್ರೈಸಿಸ್ ಪ್ರೆಗ್ನೆನ್ಸಿ ಸೆಂಟರ್ ಅಂತ ಕರೀತಾರೆ. ದೇಶದಾದ್ಯಂತ ಸುಮಾರು 2,500 ಇವೆ. ಹೆಚ್ಚಿನವು ಕ್ರೈಸ್ತ ಸಂಘಟನೆಗಳು ನಡೆಸೋವು, ಗರ್ಭಪಾತವನ್ನು ತಡೆಯೋದೇ ಉದ್ದೇಶ. ನ್ಯಾಯವಾಗಿ ಹೇಳಬೇಕು: ಮಗು ಬೇಕು ಅನ್ನೋ ಬಡ ತಾಯಂದಿರಿಗೆ ಡಯಾಪರ್, ಬಟ್ಟೆ, ತೊಟ್ಟಿಲು ಕೊಡೋ ಕೇಂದ್ರಗಳು ಬೇಕಾದಷ್ಟಿವೆ. ಗರ್ಭಪಾತ ತಪ್ಪು ಅಂತ ನಂಬೋದು, ಹೇಳೋದು ಅವರ ಹಕ್ಕು. ತಕರಾರು ಇರೋದು ಕ್ಲಿನಿಕ್ ಥರ ಹೆಸರಿಟ್ಟು, ಬಿಳಿ ಕೋಟು ಹಾಕಿ, ನಿಜವಾದ ಕ್ಲಿನಿಕ್ ಪಕ್ಕದಲ್ಲೇ ಬಾಗಿಲು ತೆರೆದು ಕರೆಯೋದಕ್ಕೆ. ಕೆಲವರು ಗರ್ಭಪಾತದಿಂದ ಸ್ತನ ಕ್ಯಾನ್ಸರ್ ಬರುತ್ತೆ ಅಂತಲೂ ಹೇಳ್ತಾರೆ. ಅದಕ್ಕೆ ಆಧಾರ ಇಲ್ಲ ಅಂತ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೇ ಹೇಳಿದೆ. ಇನ್ನೊಂದು ಮಾತು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬಿಲ್ಲು ಹಾಕದ, ಇನ್ಶೂರೆನ್ಸ್ ವ್ಯವಹಾರ ಇಲ್ಲದ ಇಂಥ ಕೇಂದ್ರಕ್ಕೆ ಅಲ್ಲಿನ ವೈದ್ಯಕೀಯ ಗೌಪ್ಯತೆ ಕಾನೂನು ‘ಹಿಪಾ’ ಸಾಮಾನ್ಯವಾಗಿ ಅನ್ವಯಿಸಲ್ಲ. ಫಾರ್ಮ್‌ನಲ್ಲಿ ತುಂಬಿದ ವಿವರಕ್ಕೆ ಆಸ್ಪತ್ರೆಯಲ್ಲಿ ಸಿಗೋ ರಕ್ಷಣೆ ಇಲ್ಲಿಲ್ಲ.

ಸರಿ, ಸುಳ್ಳು ಜಾಹೀರಾತು ತಾನೇ, ಹಿಡಿದು ದಂಡ ಹಾಕಿ ಅಂತೀರಾ? ಅಲ್ಲೇ ಸಿಕ್ಕು ಇರೋದು.

ಕ್ಯಾಲಿಫೋರ್ನಿಯಾ 2015ರಲ್ಲಿ ಒಂದು ಕಾನೂನು ಮಾಡ್ತು. ಲೈಸೆನ್ಸ್ ಇಲ್ಲದ ಕೇಂದ್ರ ‘ನಾವು ಲೈಸೆನ್ಸ್ ಪಡೆದ ವೈದ್ಯಕೀಯ ಸಂಸ್ಥೆ ಅಲ್ಲ’ ಅಂತ ಬೋರ್ಡ್ ಹಾಕಬೇಕು. ಲೈಸೆನ್ಸ್ ಇರೋವು ‘ಸರ್ಕಾರದಿಂದ ಉಚಿತ ಅಥವಾ ಕಡಿಮೆ ಖರ್ಚಿನ ಗರ್ಭಪಾತ ಸೇವೆ ಇದೆ, ಈ ನಂಬರಿಗೆ ಫೋನ್ ಮಾಡಿ’ ಅಂತ ಹಾಕಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಕೇಂದ್ರಗಳ ಪರ ನಿಂತಿತು. ಜಸ್ಟಿಸ್ ಥಾಮಸ್ ಬರೆದ ತೀರ್ಪಿನ ತಿರುಳು ಇಷ್ಟು: ಒಬ್ಬರು ಯಾವುದನ್ನು ವಿರೋಧಿಸ್ತಾರೋ ಅದರದೇ ಪ್ರಚಾರವನ್ನು ಅವರ ಬಾಯಿಂದ ಹೇಳಿಸೋದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ. ಲೈಸೆನ್ಸ್ ಇಲ್ಲ ಅನ್ನೋ ಬೋರ್ಡೂ ಉಳಿಯಲಿಲ್ಲ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಎರಡೇ ಪದದ ಜಾಹೀರಾತಿಗೂ 29 ಪದದ ಸೂಚನೆಯನ್ನು 13 ಭಾಷೆಗಳವರೆಗೆ ಹಾಕಬೇಕಾಗ್ತಿತ್ತು, ಅದು ಅತಿಯಾಯ್ತು ಅಂದ್ರು. ಭಿನ್ನಮತ ಬರೆದ ಜಸ್ಟಿಸ್ ಬ್ರೇಯರ್ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಸರಿ ಅನ್ಸುತ್ತೆ: ಗರ್ಭಪಾತ ಮಾಡೋ ಡಾಕ್ಟರ್ ಬಾಯಿಂದ ದತ್ತು ಕೊಡೋದರ ಬಗ್ಗೆ ಸರ್ಕಾರ ಹೇಳಿಸಬಹುದಾದ್ರೆ, ಇದನ್ನು ಯಾಕೆ ಹೇಳಿಸಬಾರದು?

ಸ್ಯಾನ್ ಫ್ರಾನ್ಸಿಸ್ಕೋ ನಗರ ಬೇರೆ ದಾರಿ ಹಿಡಿದಿತ್ತು. ಅದರ 2011ರ ಕಾನೂನು ಏನನ್ನೂ ಹೇಳಿ ಅನ್ನಲಿಲ್ಲ, ಸುಳ್ಳು ಹೇಳಬೇಡಿ ಅಂತಷ್ಟೇ ಅಂದಿತು. ಅಲ್ಲಿನ ಒಂದು ಕೇಂದ್ರ ಗೂಗಲ್‌ನಲ್ಲಿ ದುಡ್ಡು ಕೊಟ್ಟು, ಗರ್ಭಪಾತ ಅಂತ ಹುಡುಕಿದೋರಿಗೆ ತನ್ನ ಜಾಹೀರಾತು ಕಾಣೋ ಹಾಗೆ ಮಾಡ್ತಿತ್ತು. ‘ನಾವು ಉಚಿತ ಸೇವೆ ಕೊಡೋರು, ವ್ಯಾಪಾರಿಗಳಲ್ಲ, ವಾಣಿಜ್ಯ ಜಾಹೀರಾತಿನ ನಿಯಮ ನಮಗ್ಯಾಕೆ’ ಅಂತ ಅವರ ವಾದ. ಗಿರಾಕಿಗಳಿಗಾಗಿ ಪೈಪೋಟಿ ನಡೆಸೋ ಜಾಹೀರಾತು ವಾಣಿಜ್ಯದ್ದೇ, ದಾರಿ ತಪ್ಪಿಸೋ ವಾಣಿಜ್ಯ ಮಾತಿಗೆ ಸಂವಿಧಾನದ ರಕ್ಷಣೆ ಇಲ್ಲ ಅಂತ 2017ರಲ್ಲಿ ಮೇಲ್ಮನವಿ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಮುಂದಿನ ವರ್ಷವೇ ಬಾಲ್ಟಿಮೋರ್ ಕೇಸಿನಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟ್ ತದ್ವಿರುದ್ಧ ಹೇಳ್ತು: ಉಚಿತ ಸೇವೆಯಲ್ಲಿ ವಾಣಿಜ್ಯ ಇಲ್ಲ. ಆದ್ರೆ ಅಲ್ಲಿದ್ದದ್ದು ಮತ್ತೆ ಬೋರ್ಡ್ ಹಾಕಿಸೋ ಕಾನೂನು, ಆ ವ್ಯತ್ಯಾಸ ಮರೀಬೇಡಿ.

2023ರಲ್ಲಿ ಇಲಿನಾಯ್ ರಾಜ್ಯ 50,000 ಡಾಲರ್‌ವರೆಗೆ ದಂಡ ಇಟ್ಟು ಸ್ಯಾನ್ ಫ್ರಾನ್ಸಿಸ್ಕೋ ದಾರಿಯಲ್ಲೇ ಹೋಯ್ತು. ಗರ್ಭಪಾತ ವಿರೋಧಿಸೋರನ್ನು ಮಾತ್ರ ಗುರಿ ಮಾಡಿದೆ ಅಂತ ಫೆಡರಲ್ ನ್ಯಾಯಾಧೀಶರು ಕೆಲವೇ ದಿನದಲ್ಲಿ ತಡೆದ್ರು; ಡಿಸೆಂಬರ್‌ನಲ್ಲಿ ರಾಜ್ಯವೇ ಕೈಬಿಟ್ಟಿತು. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ನಿಲ್ಲೋ ದಾರಿ ಬೇಸರ ತರಿಸುವಷ್ಟು ನಿಧಾನದ್ದು: ಹೊಸ ಕಾನೂನು ಬೇಡ, ಎಲ್ಲರಿಗೂ ಅನ್ವಯಿಸೋ ಗ್ರಾಹಕ ವಂಚನೆ ಕಾನೂನನ್ನೇ ಹಿಡಿದು, ಒಂದೊಂದು ಸುಳ್ಳನ್ನೂ ಸಾಕ್ಷಿ ಸಮೇತ ತೋರಿಸೋದು. ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ 2023ರಲ್ಲಿ ಹೂಡಿದ ಕೇಸು ಅಂಥದ್ದೇ. ಗರ್ಭಪಾತದ ಮಾತ್ರೆಯ ಪರಿಣಾಮವನ್ನು ‘ವಾಪಸ್’ ಮಾಡ್ತೀವಿ ಅನ್ನೋ ಜಾಹೀರಾತಿನ ಮೇಲೆ.

ಇನ್ನು ನಮ್ಮ ಕಸುಬಿನ ಕಡೆ ಬರೋಣ. ಆ ಹುಡುಗಿ ಮೊದಲು ನೋಡೋದು ಬೋರ್ಡಲ್ಲ, ಸರ್ಚ್ ಪೇಜ್. 2019ರಿಂದ ಅಮೆರಿಕದಲ್ಲಿ ಗರ್ಭಪಾತದ ಪದಗಳ ಮೇಲೆ ಜಾಹೀರಾತು ಕೊಡೋರನ್ನು ಗೂಗಲ್ ಪರಿಶೀಲಿಸಿ, ಗರ್ಭಪಾತ ಮಾಡ್ತಾರೋ ಇಲ್ವೋ ಅಂತ ಪಟ್ಟಿ ಅಂಟಿಸುತ್ತೆ. ಒಳ್ಳೇದೇ. ಆದ್ರೆ ಅದು ಕೀವರ್ಡ್‌ಗೆ ಕಟ್ಟಿದ ನಿಯಮ. ಅವಳು ‘ಉಚಿತ ಪ್ರೆಗ್ನೆನ್ಸಿ ಟೆಸ್ಟ್’ ಅಂತ ಹುಡುಕಿದ್ರೆ? ಪಟ್ಟಿ ಕಾಣದೇ ಇರಬಹುದು. ಇಫ್ ಕಂಡೀಷನ್ ಬರೆದು ಎಲ್ಸ್ ಮರೆತ ಹಾಗೆ. 2022ರಲ್ಲಿ ಡೆಮಾಕ್ರಾಟ್ ಸಂಸದರು ಇದನ್ನು ಸರಿಪಡಿಸಿ ಅಂತ ಗೂಗಲ್‌ಗೆ ಪತ್ರ ಬರೆದ್ರು. ಬೆನ್ನಲ್ಲೇ 17 ರಿಪಬ್ಲಿಕನ್ ಅಟಾರ್ನಿ ಜನರಲ್‌ಗಳು ಈ ಕೇಂದ್ರಗಳನ್ನು ಹಿಂದೆ ತಳ್ಳಿದ್ರೆ ಜೋಕೆ ಅಂತ ಬರೆದ್ರು.

ನಮ್ಮಲ್ಲಿ ಭ್ರೂಣಲಿಂಗ ಪತ್ತೆಯ ಜಾಹೀರಾತನ್ನು ಕಾನೂನೇ ನಿಷೇಧಿಸಿದೆ. ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೆದು ಸರ್ಚ್ ಕಂಪನಿಗಳು ಅಂಥ ಪದಗಳಿಗೆ ಜಾಹೀರಾತು ಬಾರದ ಹಾಗೆ ತಡೆ ಹಾಕಿದವು. ಅದು ಸುಲಭ ಇತ್ತು, ಯಾಕಂದ್ರೆ ಆ ಸೇವೆಯೇ ಅಪರಾಧ. ಅಮೆರಿಕದ ಕೇಂದ್ರ ಅಪರಾಧ ಅಲ್ಲ, ಅದು ಹೇಳಿಕೊಳ್ಳೋ ರೀತಿ ಮಾತ್ರ ತಕರಾರಿನದು.

ಹಾಗಾಗಿ ಅಲ್ಲಿರೋ ನಿಮ್ಮ ಹುಡುಗಿಗೆ ಇಷ್ಟು ಹೇಳಿ. ಜಾಹೀರಾತಿನಲ್ಲಿ ಸಣ್ಣಕ್ಷರದ ‘ಡಸ್ ನಾಟ್ ಪ್ರೊವೈಡ್ ಅಬಾರ್ಷನ್ಸ್’ ಇದೆಯಾ ನೋಡು. ಫಾರ್ಮ್ ತುಂಬೋ ಮೊದಲು ಫೋನ್ ಮಾಡಿ ನೇರವಾಗಿ ಕೇಳು: ನೀವು ಅಬಾರ್ಷನ್ ಮಾಡ್ತೀರಾ? ಇಲ್ಲದಿದ್ರೆ ಮಾಡೋರ ಹತ್ರ ಕಳಿಸ್ತೀರಾ? ‘ಮೊದಲು ಬನ್ನಿ, ಕೂತು ಮಾತಾಡೋಣ’ ಅಂದ್ರೆ ಫೋನ್ ಇಟ್ಟು ಇನ್ನೊಂದು ನಂಬರ್ ಹುಡುಕು, ಅವತ್ತೇ.