ಮನೆಯೊಡೆಯರು ಮನೆಯನ್ನು ಹೊಸದು ಮಾಡಿಸುವೆವೆಂದಾಗ

ಬಾಡಿಗೆಯ ಮನೆಯಲ್ಲಿ ನಾಲ್ಕಾರು ವರ್ಷ ಬಾಳಿದ ಸಂಸಾರಕ್ಕೆ ಒಂದು ದಿನ ಮನೆಯೊಡೆಯರಿಂದ ಹೇಳಿಕೆ ಬರುವುದುಂಟು: “ಮನೆ ಹಳೆಯದಾಯಿತು, ನೆಲವನ್ನು ಕೀಳಿಸಿ ಟೈಲ್ಸ್ ಹಾಕಿಸಬೇಕೆಂದಿದ್ದೇವೆ. ಬಚ್ಚಲನ್ನೂ ಅಡುಗೆಮನೆಯನ್ನೂ ಹೊಸದಾಗಿ ಮಾಡಿಸುತ್ತೇವೆ. ಎರಡು ತಿಂಗಳು ಹೇಗಾದರೂ ಹೊಂದಿಕೊಳ್ಳಿ.” ಕೇಳಿದ ಕೂಡಲೇ ಗೃಹಿಣಿಗೆ ಸಂತೋಷವಾಗುವುದು ಸಹಜ. ತೊಟ್ಟಿಕ್ಕುವ ನಲ್ಲಿ, ಬಿರುಕುಬಿಟ್ಟ ಕಡಪದ ಕಟ್ಟೆ, ಮಳೆಗಾಲದಲ್ಲಿ ಉಬ್ಬಿಕೊಂಡು ಮುಚ್ಚಲಾಗದ ಬಾಗಿಲು, ಇವೆಲ್ಲವುಗಳಿಂದ ಒಮ್ಮೆಗೇ ಬಿಡುಗಡೆ! ರಾತ್ರಿ ಊಟವಾದ ಮೇಲೆ ಗಂಡಹೆಂಡಿರು ಕುಳಿತು ಮಾತನಾಡುವಾಗ ಬೇರೆ ಯೋಚನೆಗಳು ಏಳುತ್ತವೆ. ಇಷ್ಟೆಲ್ಲ ಖರ್ಚು ಮಾಡಿದವರು ಬಾಡಿಗೆಯನ್ನು ಎಷ್ಟಕ್ಕೆ ಏರಿಸಿಯಾರು? ಆ ಎರಡು ತಿಂಗಳು ಮಕ್ಕಳೊಡನೆ ಇರುವುದೆಲ್ಲಿ? ಬಿಟ್ಟು ಹೋದರೆ ಮತ್ತೆ ಒಳಗೆ ಬರಗೊಟ್ಟಾರೆಯೆ? “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದ ಹಿರಿಯರು ಸ್ವಂತ ಮನೆಯವರ ಕಷ್ಟವನ್ನು ಮಾತ್ರ ಕಂಡಿದ್ದರು. ಮತ್ತೊಬ್ಬರ ಮನೆಗೆಲಸದ ನಡುವೆ ಅನ್ನ ಬೇಯಿಸಿಕೊಂಡು ಇರಬೇಕಾದವರ ಪಾಡು ಅವರ ಕಣ್ಣಿಗೆ ಬಿದ್ದಿರಲಾರದು.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಜಯನಗರ, ರಾಜಾಜಿನಗರ ಮೊದಲಾದ ಕಡೆಗಳಲ್ಲಿ ಕೆಳಗೆ ಒಡೆಯರು, ಮೇಲೆ ಬಾಡಿಗೆಯವರು ಎಂಬ ಕ್ರಮದಲ್ಲಿ ಕಟ್ಟಿದ ಹಳೆಯ ಮನೆಗಳು ಇಂದಿಗೂ ಹಲವಿವೆ. ಅವುಗಳಿಗೆ ದುರಸ್ತಿಯ ಕಾಲ ಬಂದಿದೆ. ಆದಕಾರಣ ಈ ಪ್ರಶ್ನೆ ನಮ್ಮ ವಾಚಕರಲ್ಲಿ ಅನೇಕರ ಬಾಗಿಲಿಗೆ ಬಂದಿರಬಹುದು, ಇಲ್ಲವೇ ಬರಲಿರಬಹುದು.

ಒಪ್ಪುವುದೋ ಬಿಡುವುದೋ ಎಂದು ನಿಶ್ಚಯಿಸುವ ಮೊದಲು, ಬರಲಿರುವ ಕೆಲಸವು ಮನೆಯ ಆರೋಗ್ಯಕ್ಕೋ ಮನೆಯ ಬಾಡಿಗೆಗೋ ಎಂಬುದನ್ನು ವಿಚಾರಿಸತಕ್ಕುದು. ಸೋರುವ ತಾರಸಿಯನ್ನು ಸರಿಪಡಿಸುವುದು, ತುಕ್ಕುಹಿಡಿದ ಕೊಳಾಯಿಗಳನ್ನು ಬದಲಾಯಿಸುವುದು, ನೆಲಸಂಪರ್ಕವೇ ಇಲ್ಲದ ಹಳೆಯ ವಿದ್ಯುತ್ ತಂತಿಗಳನ್ನು ತೆಗೆದು ಹೊಸವನ್ನು ಎಳೆಯುವುದು, ಇವು ದುರಸ್ತಿಗಳು. ಇವನ್ನು ಬೇಡವೆನ್ನುವುದು ಅವಿವೇಕ. ಕೆಲಸದ ಗಲಾಟೆ ಎಷ್ಟಿದ್ದರೂ ಸಹಿಸಿಕೊಳ್ಳಬೇಕು. ಕೂಡಿರುವ ಮೊಸಾಯಿಕ್ ನೆಲವನ್ನು ಅಗೆದು ಹೊಳೆಯುವ ಟೈಲ್ಸ್ ಹಾಸುವುದು, ಚೆನ್ನಾಗಿರುವ ಕಟ್ಟೆಯನ್ನು ಒಡೆದು ಗ್ರಾನೈಟ್ ಕೂರಿಸುವುದು, ಇವು ಅಲಂಕಾರಗಳು. ಇವುಗಳಿಂದ ವಾಸಕ್ಕೆ ಆಗುವ ಸುಖ ಸ್ವಲ್ಪ. ಮುಂದೆ ಬರುವ ಬಾಡಿಗೆದಾರನಿಗೆ ಹೇಳುವ ಬೆಲೆ ಬಹಳ. (ಮೂವತ್ತು ವರ್ಷ ಒರಸಿ ಒರಸಿ ಕನ್ನಡಿಯಂತಾದ ಕೆಂಪು ಗಾರೆಯ ನೆಲವನ್ನು ಕೀಳಿಸುವವರನ್ನು ಕಂಡರೆ ನಮಗೆ ಮರುಕವೇ ಆಗುತ್ತದೆ. ಬೇಸಗೆಯಲ್ಲಿ ಅದರ ಮೇಲೆ ಮಲಗಿದವರು ಬಲ್ಲರು.)

ಇವೆರಡರ ನಡುವೆ ಮೋಸಮಾಡುವ ಮೂರನೆಯದೊಂದು ಉಂಟು: ರೋಗವನ್ನು ಮುಚ್ಚುವ ಬಣ್ಣ. ಗೋಡೆಯ ಬುಡದಲ್ಲಿ ಉಪ್ಪಿನಂತೆ ಬಿಳಿಯ ಪುಡಿ ಏಳುತ್ತಿದ್ದರೆ, ಬಣ್ಣ ಹಪ್ಪಳದಂತೆ ಉಬ್ಬಿ ಉದುರುತ್ತಿದ್ದರೆ, ಒಳಗೆ ತೇವವಿದೆಯೆಂದೇ ಅರ್ಥ. ತೇವ ಬರುವ ದಾರಿಯನ್ನು ಹುಡುಕಿ ಮುಚ್ಚದೆ ಮೇಲೆ ಎಷ್ಟು ಬೆಲೆಯ ಬಣ್ಣವನ್ನು ಬಳಿದರೂ ಮರುವರ್ಷದ ಮಳೆಗೆ ಅದು ಮತ್ತೆ ಏಳುವುದು. ಬಚ್ಚಲಿನ ಹಿಂದಣ ಗೋಡೆ ಒದ್ದೆಯಾಗಿದ್ದರೆ ತಪ್ಪು ಗೋಡೆಯದಲ್ಲ, ಕೊಳಾಯಿಯದು ಅಥವಾ ಬಚ್ಚಲಿನ ನೆಲದ್ದು. ಛಾವಣಿಯ ಮೂಲೆಯಲ್ಲಿ ಕಂದು ಕಲೆಯಿದ್ದರೆ ತಾರಸಿಯ ನೀರು ಹರಿದುಹೋಗುವ ಇಳಿಜಾರನ್ನು ನೋಡಬೇಕು. ಮೇಸ್ತ್ರಿಯು ಮನೆಯನ್ನು ನೋಡಲು ಬಂದ ದಿನ ಗೃಹಿಣಿಯು ಅಡುಗೆಮನೆಯಲ್ಲಿ ಕಾಫಿ ಕಾಸುತ್ತ ನಿಲ್ಲದೆ, ಅವನೊಡನೆ ಕೋಣೆ ಕೋಣೆಗೆ ಹೋಗಿ, ಯಾವ ಕಲೆ ಯಾವ ತಿಂಗಳಲ್ಲಿ ಬರುತ್ತದೆಂದು ತೋರಿಸಬೇಕು. ಒಡೆಯರಿಗೂ ತಿಳಿಯದ ಮನೆಯ ಗುಟ್ಟು ಅದರಲ್ಲಿ ವಾಸಮಾಡಿದವರಿಗೆ ತಿಳಿದಿರುತ್ತದೆ.

ಇನ್ನು ಕಾಯಿದೆಯ ಮಾತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣವು, ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ, ಬಾಡಿಗೆಯನ್ನು ಸರಿಯಾಗಿ ಕೊಟ್ಟು ಕರಾರಿನಂತೆ ನಡೆದುಕೊಳ್ಳುತ್ತಿರುವವನು ಅವಧಿ ಮುಗಿಯುವವರೆಗೆ ತಡೆಯಿಲ್ಲದೆ ಮನೆಯನ್ನು ಅನುಭವಿಸಬಹುದೆಂದು ಹೇಳುತ್ತದೆ. ಒಡೆಯರು ಯೋಗ್ಯವಾದ ವೇಳೆಯಲ್ಲಿ ಒಳಗೆ ಬಂದು ಮನೆಯ ಸ್ಥಿತಿಯನ್ನು ನೋಡಲು ಬಿಡತಕ್ಕುದೆಂದೂ ಅದೇ ಹೇಳುತ್ತದೆ. ನೋಡುವುದು ಬೇರೆ, ಒಡೆಯುವುದು ಬೇರೆ. ಕರಾರಿನಂತೆ ಒಡೆಯರು ಮಾಡಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ತಕ್ಕ ಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇಲ್ಲಿ “ಕರಾರಿನಂತೆ” ಎಂಬುದನ್ನು ಗಮನಿಸಬೇಕು. ಬರೆದಿಡದಿದ್ದರೆ ಈ ಬಲವು ಕೈಗೆ ಸಿಕ್ಕುವುದು ಕಷ್ಟ.

ಹಾಗಾದರೆ ಅಲಂಕಾರದ ಕೆಲಸವನ್ನು ಬೇಡವೆನ್ನಬಹುದೆ? ಅವಧಿಯೊಳಗೆ ಧಾರಾಳವಾಗಿ ಎನ್ನಬಹುದು. ಆದರೆ ಆ ಬಲದ ಉದ್ದ ಕರಾರಿನಲ್ಲಿ ಉಳಿದಿರುವ ತಿಂಗಳುಗಳಷ್ಟೆ. ಒಂದು ವರ್ಷವನ್ನು ಮೀರಿದ ಬಾಡಿಗೆಯ ಕರಾರನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯಿದೆ ವಿಧಿಸಿರುವುದರಿಂದ ನಮ್ಮಲ್ಲಿ ಎಲ್ಲರೂ ಹನ್ನೊಂದು ತಿಂಗಳ ಪತ್ರವನ್ನೇ ಬರೆಯುತ್ತಾರೆ. ಅದು ತೀರಿದ ಮೇಲೆ ಹೊಸ ಪತ್ರವಿಲ್ಲದೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯನ್ನು ಹದಿನೈದು ದಿನಗಳ ನೋಟೀಸಿನಿಂದ ಮುಗಿಸಬಹುದು. ಕರ್ನಾಟಕದ 1999ರ ಬಾಡಿಗೆ ಕಾಯಿದೆಯ ಆಸರೆ ಇದೆಯಲ್ಲ ಎಂದು ಕೆಲವರು ನಂಬಿರುತ್ತಾರೆ. ಅದು ಬೆಂಗಳೂರಿನಂತಹ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಳನ್ನು ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಆದುದರಿಂದ ಎಂಟು ತಿಂಗಳು ಉಳಿದಿರುವವನ “ಬೇಡ” ಒಂದು ತೂಕದ್ದು, ಒಂದೇ ತಿಂಗಳು ಉಳಿದಿರುವವನ “ಬೇಡ” ಇನ್ನೊಂದು ತೂಕದ್ದು. ಉತ್ತರ ಹೇಳುವ ಮೊದಲು ಕಪಾಟಿನಿಂದ ಪತ್ರವನ್ನು ತೆಗೆದು ತಾರೀಖನ್ನು ನೋಡಬೇಕು.

ಬಾಡಿಗೆಯ ಲೆಕ್ಕಕ್ಕೆ ಬರೋಣ. ಉದಾಹರಣೆಗಾಗಿ, ಈಗ 20,000 ರೂಪಾಯಿ ಬಾಡಿಗೆಯ ಮನೆಗೆ ಒಡೆಯರು ಮೂರು ಲಕ್ಷ ಖರ್ಚು ಮಾಡಿ, ಆಮೇಲೆ 26,000 ಕೇಳುವರೆಂದು ಇಟ್ಟುಕೊಳ್ಳಿ. ವರ್ಷಕ್ಕೆ 72,000 ಹೆಚ್ಚು. ಹತ್ತು ತಿಂಗಳ ಮುಂಗಡದ ರೂಢಿಯಿರುವ ಮನೆಯಾದರೆ, ಮುಂಗಡಕ್ಕೂ 60,000 ಸೇರಿಸಿರೆಂದು ಕೇಳುವುದುಂಟು. ಇದನ್ನು ಮರೆತೇ ಒಪ್ಪಿಕೊಳ್ಳುವವರು ಬಹಳ. ಒಡೆಯರ ಮೂರು ಲಕ್ಷ ಐವತ್ತು ತಿಂಗಳಲ್ಲಿ, ಎಂದರೆ ನಾಲ್ಕು ವರ್ಷ ಎರಡು ತಿಂಗಳಲ್ಲಿ, ತಿರುಗಿ ಬರುತ್ತದೆ. ಆಮೇಲಿನ ಹೆಚ್ಚಳವೆಲ್ಲ ಲಾಭ, ನೆಲವೂ ಕಟ್ಟೆಯೂ ಅವರವೇ. ಇಂತಹ ಬೇಡಿಕೆ ಹೆಚ್ಚೋ ಕಡಮೆಯೋ ಎಂದು ತೂಗಲು ನಮ್ಮಲ್ಲಿ ಅಳತೆಗೋಲಿಲ್ಲ. ಜರ್ಮನಿಯಲ್ಲಿ ಒಂದುಂಟು: ಅಲ್ಲಿ ಮನೆಯನ್ನು ಉತ್ತಮಪಡಿಸುವ ಒಡೆಯನು ಮೂರು ತಿಂಗಳ ಮೊದಲೇ ಬರಹದಲ್ಲಿ ತಿಳಿಸಬೇಕು, ಖರ್ಚಿನಲ್ಲಿ ನೂರಕ್ಕೆ ಎಂಟರಷ್ಟನ್ನು ಮಾತ್ರ ವರ್ಷದ ಬಾಡಿಗೆಗೆ ಸೇರಿಸಬಹುದು. 2019ಕ್ಕೆ ಮೊದಲು ಇದು ನೂರಕ್ಕೆ ಹನ್ನೊಂದಾಗಿತ್ತು. ಹೇಗೂ ಮಾಡಲೇಬೇಕಾಗಿದ್ದ ದುರಸ್ತಿಯ ಖರ್ಚನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆ ಪ್ರಕಾರ ನಮ್ಮ ಮೂರು ಲಕ್ಷಕ್ಕೆ ತಿಂಗಳಿಗೆ 2,000 ರೂಪಾಯಿ ಏರಿಕೆ. ಆ ಕಾನೂನು ನಮ್ಮನ್ನು ಕಟ್ಟದು, ನಮ್ಮ ಒಡೆಯರನ್ನೂ ಕಟ್ಟದು. ಆದರೂ ಮಾತಿಗೆ ಕೂರುವಾಗ ಇಂತಹದೊಂದು ಅಂಕೆ ಮನಸ್ಸಿನಲ್ಲಿದ್ದರೆ ಒಳ್ಳೆಯದು. ಇತ್ತ ಕಡೆಯ ತಕ್ಕಡಿಯಲ್ಲಿ ಮನೆ ಬದಲಾಯಿಸುವ ಖರ್ಚನ್ನೂ ಇಡಬೇಕು: ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಸಾಮಾನಿನ ಲಾರಿ, ಬಿಡುವಾಗ ಸುಣ್ಣಬಣ್ಣಕ್ಕೆಂದು ಮುರಿದುಕೊಳ್ಳುವ ಹಣ, ಮಕ್ಕಳ ಶಾಲೆಯ ದೂರ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದಾಗ, 26,000 ದುಬಾರಿಯೆನಿಸಿದ ಮನೆಯೇ ಅಗ್ಗವೆಂದು ಕಂಡುಬರುವುದೂ ಉಂಟು.

ಒಡೆಯರ ಪಕ್ಷದಲ್ಲಿಯೂ ನ್ಯಾಯವಿದೆಯೆನ್ನದೆ ಇರಲಾಗದು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಲ್ಲಿ ಬಾಡಿಗೆ ಏರದ ಮನೆಗಳಿಗೆ ಒಡೆಯರು ಸುಣ್ಣವನ್ನೂ ಬಳಿಸದೆ ಬಿಟ್ಟದ್ದನ್ನು ಹಳಬರು ಕಂಡಿದ್ದಾರೆ. ಹಣ ತಿರುಗಿ ಬಾರದೆಂದಾದರೆ ಯಾರೂ ಹಾಕರು.

ಕೆಲಸ ನಡೆಯುವಾಗ ಅಲ್ಲಿಯೇ ಇರಬಹುದೆ ಎಂಬುದು ಮುಂದಿನ ಪ್ರಶ್ನೆ. ಎರಡು ಬಚ್ಚಲುಗಳಿದ್ದು ಒಂದೊಂದಾಗಿ ಮಾಡಿಸುವುದಾದರೆ ಇರಬಹುದು. ಒಂದೇ ಇದ್ದರೆ ಇರಲಾಗದು. ಸಿಮೆಂಟಿನ ಕೆಲಸಕ್ಕೆ ಕನಿಷ್ಠ ಏಳು ದಿನ ನೀರುಣಿಸಬೇಕು. ಆ ಏಳು ದಿನಗಳನ್ನು ಮೂರಕ್ಕೆ ಇಳಿಸುವೆನೆಂಬ ಮೇಸ್ತ್ರಿಯನ್ನು ನಂಬಬಾರದು. ಟೈಲ್ಸನ್ನು ಕೊಯ್ಯುವ ಯಂತ್ರದಿಂದೇಳುವ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ ಸಿಲಿಕಾವನ್ನು ಹೊತ್ತಿರುತ್ತದೆ. ಉಬ್ಬಸವಿರುವ ಹಿರಿಯರು ಮನೆಯಲ್ಲಿದ್ದರೆ, ನೀರು ಹಾಕುತ್ತ ಹೊರಗಡೆಯೇ ಕೊಯ್ಯಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇದಕ್ಕಿಂತಲೂ ಗುಟ್ಟಾದ ಅಪಾಯ ಹಳೆಯ ಬಣ್ಣದ್ದು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಿ ಸೀಸವಿರಕೂಡದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸ ಬಹಳವಾಗಿರುವ ಸಂಭವವುಂಟು. ಕಿಟಕಿ ಬಾಗಿಲುಗಳ ಅಂತಹ ಬಣ್ಣವನ್ನು ಉಪ್ಪುಕಾಗದದಿಂದ ಒಣಗಿದಂತೆಯೇ ಉಜ್ಜಿದರೆ ಆ ಪುಡಿ ನೆಲದ ಮೇಲೆ ಬಿದ್ದು, ತೆವಳುವ ಕೂಸಿನ ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸವು ಎಳೆಯ ಮೆದುಳನ್ನು ಕೆಡಿಸುವ ವಿಷ. ಕೂಸಾಗಲಿ ಬಸುರಿಯಾಗಲಿ ಇರುವ ಮನೆಯವರು ಈ ಕೆಲಸ ಮುಗಿದು ನೆಲವನ್ನು ಒದ್ದೆಬಟ್ಟೆಯಿಂದ ಎರಡು ಸಲ ಒರಸುವವರೆಗೆ ಬೇರೆಡೆ ಇರುವುದೇ ಲೇಸು. ಕಾಲವನ್ನೂ ನೋಡಬೇಕು: ಬೆಂಗಳೂರಿನಲ್ಲಿ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಮಳೆ ಬಲವಾಗಿರುವುದರಿಂದ ತಾರಸಿಯ ಕೆಲಸಕ್ಕೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣದಿನಗಳೇ ಯೋಗ್ಯ. ಮಕ್ಕಳ ಪರೀಕ್ಷೆಯ ದಿನಗಳು ಅವೇ ಎಂಬುದು ದೈವದ ವಿನೋದ.

ಮನೆಯನ್ನು ಖಾಲಿಮಾಡಿ ಹೋಗಿ ಮತ್ತೆ ಬನ್ನಿರೆಂದರೆ ಇನ್ನೂ ಎಚ್ಚರ ಬೇಕು. ಬೀಗದ ಕೈಯನ್ನು ಒಪ್ಪಿಸಿ, ಮುಂಗಡವನ್ನು ಹಿಂದಕ್ಕೆ ಪಡೆಯದೆ, ಬಾಯಿಮಾತಿನ ಮೇಲೆ ಹೋದವನ ಸ್ಥಿತಿ “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬಂತಾಗುತ್ತದೆ. ಬಾಡಿಗೆಯಿಲ್ಲದೆ ಲಕ್ಷಗಟ್ಟಲೆ ಒಮ್ಮೆಗೇ ಕೊಟ್ಟು ಭೋಗ್ಯಕ್ಕೆ ಇರುವವರಂತೂ ಮನೆಗೆಲಸಕ್ಕೆ ಹಣ ಎಲ್ಲಿಂದ ಬರುತ್ತಿದೆಯೆಂದು ಯೋಚಿಸಬೇಕು. ತಾವು ಕೊಟ್ಟ ದುಡ್ಡೇ ಟೈಲ್ಸಾಗಿ ನೆಲದ ಮೇಲೆ ಕುಳಿತರೆ, ಅವಧಿ ಮುಗಿದ ದಿನ ಒಡೆಯರ ಕೈಯಲ್ಲಿ ಕೊಡಲು ಏನಿರುತ್ತದೆ? ಸಾಮಾನಿನಲ್ಲಿ ಒಂದಿಷ್ಟನ್ನು ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡು ಹೋಗುವುದು ಹಳೆಯ ಉಪಾಯ; ಇಂದಿಗೂ ಕೆಟ್ಟದ್ದಲ್ಲ.

ಈ ಮಾತನ್ನೆಲ್ಲ ಜಗಳವಾಗದಂತೆ ಆಡುವುದು ಹೇಗೆ? “ಅಮ್ಮನವರೇ, ಕೆಲಸಕ್ಕೆ ನಮ್ಮ ಅಡ್ಡಿಯಿಲ್ಲ. ಎಂದು ತೊಡಗಿ ಎಂದು ಮುಗಿಸುತ್ತೀರಿ, ಮುಗಿದ ಮೇಲೆ ಬಾಡಿಗೆ ಎಷ್ಟು, ಇವೆರಡನ್ನೂ ಮೊದಲೇ ಬರೆದಿಟ್ಟುಕೊಳ್ಳೋಣ” ಎಂದರೆ ಸಜ್ಜನರು ಬೇಸರಪಡುವುದಿಲ್ಲ. ಕೇಂದ್ರ ಸರ್ಕಾರವು 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯಲ್ಲಿಯೂ ಇದೇ ಕ್ರಮವಿದೆ: ಉತ್ತಮಪಡಿಸುವ ಕೆಲಸಕ್ಕಾಗಿ ಬಾಡಿಗೆಯನ್ನು ಏರಿಸಬೇಕಾದರೆ ಕೆಲಸ ತೊಡಗುವ ಮೊದಲೇ ಒಪ್ಪಂದವಾಗಬೇಕು, ಏರಿಕೆಯು ಕೆಲಸ ಮುಗಿದ ಒಂದು ತಿಂಗಳ ಮೇಲೆ ಸಲ್ಲಬೇಕು. ಅದು ಮಾದರಿ, ರಾಜ್ಯವು ಶಾಸನ ಮಾಡಿದ ಹೊರತು ಕಟ್ಟುಪಾಡಲ್ಲ. ಆದರೆ ಅದರ ಮಾತನ್ನು ನಮ್ಮ ಪತ್ರದಲ್ಲಿ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಬಚ್ಚಲಿಲ್ಲದ ದಿನಗಳ ಬಾಡಿಗೆಯನ್ನು ಬಿಡುವುದು, ದಿನಗಳು ಹೇಳಿದ್ದಕ್ಕಿಂತ ಬೆಳೆದರೆ ಏನೆಂಬುದು, ಮುಂಗಡವು ಏರುವುದೋ ಇಲ್ಲವೋ, ಮರಳಿ ಬಂದಮೇಲೆ ಎಷ್ಟು ತಿಂಗಳ ಹೊಸ ಕರಾರು, ಇವನ್ನೂ ಅದರಲ್ಲಿಯೇ ಸೇರಿಸಬೇಕು. ಬರೆಯಲು ಒಪ್ಪದವರ ಮನೆಗೆ ಟೈಲ್ಸ್ ಬರುವವರೆಗೆ ಕಾಯದೆ, ಬೇರೆ ಮನೆಯನ್ನು ಹುಡುಕತೊಡಗುವುದು ಮೇಲೆಂದು ನಮ್ಮ ಅಭಿಪ್ರಾಯ.

ಕೊನೆಗೊಂದು ಸಣ್ಣ ಸಂಗತಿ. ಬಚ್ಚಲಿಗೆ ನೀರು ಇಂಗದ ಲೇಪವನ್ನು ಹಾಕಿದ ಮೇಲೆ, ಟೈಲ್ಸ್ ಕೂರಿಸುವ ಮೊದಲು, ನೀರುಹೋಗುವ ತೂತನ್ನು ಬಿಗಿಯಾಗಿ ಮುಚ್ಚಿ ಎರಡಂಗುಲ ನೀರನ್ನು ಒಂದು ಹಗಲು ಒಂದು ರಾತ್ರಿ ನಿಲ್ಲಿಸಿ, ಕೆಳಮನೆಯ ಛಾವಣಿಯಲ್ಲಿ ತೇವ ಕಾಣುವುದೋ ಎಂದು ನೋಡಬೇಕು. ಅವಸರದ ಮೇಸ್ತ್ರಿಗಳು ಇದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಸೋರಿದರೆ ಹೊಸ ಟೈಲ್ಸನ್ನೇ ಒಡೆಯಬೇಕಾಗುತ್ತದೆ, ಮತ್ತೆ ಹದಿನೈದು ದಿನ ಬಚ್ಚಲಿಲ್ಲ. ಕೆಳಗಿನ ಮನೆಯಲ್ಲಿ ಒಡೆಯರೇ ವಾಸವಾಗಿದ್ದರೆ ಈ ಪರೀಕ್ಷೆಯನ್ನು ಮಾಡಿಸಿರೆಂದು ಅವರಿಗೆ ಎರಡು ಸಲ ಹೇಳಬೇಕಾಗುವುದಿಲ್ಲ.