ಹಳೆಯ ಯಂತ್ರಕ್ಕೆ ನಿವೃತ್ತಿ ಯಾವಾಗ?

ನಮ್ಮ ಮನೆಯ ಮಹಡಿ ಮೆಟ್ಟಿಲ ಕೆಳಗೆ ಒಂದು ಕಂಪ್ಯೂಟರ್ ಇದೆ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. 2014ರ ಕೊನೆಯಲ್ಲಿ, ಉದ್ಯೋಗಕ್ಕೆಂದು ವಿದೇಶಕ್ಕೆ ಹೊರಡುವ ಮುನ್ನ, ಮಗ ಬಿಡಿಭಾಗಗಳನ್ನು ತಂದು ಜೋಡಿಸಿದ ಯಂತ್ರವದು. ಅಂದಿನಿಂದ ಹಗಲಿರುಳು ಚಾಲನೆಯಲ್ಲಿದೆ. ಕುಟುಂಬದ ಛಾಯಾಚಿತ್ರಗಳು, ಆಸ್ತಿಪತ್ರಗಳ ಸ್ಕ್ಯಾನ್ ಪ್ರತಿಗಳು, ನನ್ನ ಅತ್ತೆಯವರು ಹಾಡಿದ ಹಸೆಹಾಡು, ಆರತಿ ಹಾಡುಗಳ ಧ್ವನಿಮುದ್ರಣ ಎಲ್ಲವೂ ಅದರಲ್ಲಿವೆ. ಮನೆಯ ಯಾವ ಫೋನಿನಿಂದಲಾದರೂ, ಟಿ.ವಿ.ಯಿಂದಲಾದರೂ ಅವನ್ನು ತೆರೆಯಬಹುದು. ಬಲ್ಲವರು ಇದನ್ನು ‘ಹೋಮ್ ಸರ್ವರ್’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇದರ ಹೆಸರು ‘ಕೆಳಗಿನ ಡಬ್ಬ’.

ಕಳೆದ ಮಳೆಗಾಲದ ಒಂದು ರಾತ್ರಿ ಕರೆಂಟು ಹೋಗಿ ಬಂತು. ಡಬ್ಬ ಮಾತ್ರ ಏಳಲಿಲ್ಲ. ‘ರೀ, ಅಮ್ಮನ ಹಾಡು ಬೇರೆ ಎಲ್ಲಾದರೂ ಇದೆಯಾ?’ ಎಂದು ಪತ್ನಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅತ್ತೆಯವರು ತೀರಿಕೊಂಡು ಆರು ವರ್ಷಗಳಾಗಿವೆ. ಎರಡು ದಿನಗಳ ಬಳಿಕ ಬಡಾವಣೆಯ ದುರಸ್ತಿಗಾರರೊಬ್ಬರು ಬಂದು ‘ಎಸ್‌ಎಂಪಿಎಸ್’ ಎಂಬ ವಿದ್ಯುತ್ ಪೂರೈಕೆಯ ಭಾಗವನ್ನು ಬದಲಿಸಿದರು. ಯಂತ್ರ ಮರುಜೀವ ಪಡೆಯಿತು. ಖರ್ಚಾದದ್ದು ಒಂದೂವರೆ ಸಾವಿರ ರೂಪಾಯಿ. ಆದರೆ ಆ ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತನಾಡಿರಲಿಲ್ಲ. ಇಂತಹ ಯಂತ್ರವನ್ನು ಬದಲಿಸುವ ಕಾಲವನ್ನು ನಿರ್ಧರಿಸುವುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡತೊಡಗಿತು.

ಅರ್ಥಶಾಸ್ತ್ರಕ್ಕೆ ಈ ಪ್ರಶ್ನೆ ಹೊಸದಲ್ಲ. ಹೆರಾಲ್ಡ್ ಹೋಟೆಲಿಂಗ್ 1925ರಲ್ಲಿಯೇ ಸವಕಳಿಯ ಗಣಿತ ಸಿದ್ಧಾಂತವನ್ನು ಮಂಡಿಸಿದ್ದ. 1949ರಲ್ಲಿ ಜಾರ್ಜ್ ಟರ್ಬೋ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಬಳಕೆಯಲ್ಲಿರುವ ಯಂತ್ರವನ್ನು ಸ್ಥಾನ ಉಳಿಸಿಕೊಳ್ಳಲು ಹೋರಾಡುವವನಿಗೂ, ಹೊಸ ಯಂತ್ರವನ್ನು ಅವನಿಗೆ ಸವಾಲೊಡ್ಡುವವನಿಗೂ ಹೋಲಿಸಿದ. ಇವರಿಬ್ಬರ ನಡುವಿನ ತೀರ್ಪಿನಲ್ಲಿ ಹಳೆಯದಕ್ಕೆ ಎಷ್ಟು ಹಣ ಕೊಟ್ಟಿದ್ದೆವು ಎಂಬುದು ಲೆಕ್ಕಕ್ಕೆ ಬರಬಾರದು. ಅದು ಕೈಬಿಟ್ಟುಹೋದ ಹಣ. ಮುಂದಿನ ವರ್ಷಗಳಲ್ಲಿ ಯಾವುದನ್ನು ಇಟ್ಟುಕೊಂಡರೆ ಎಷ್ಟು ವೆಚ್ಚ, ಎಷ್ಟು ಅಪಾಯ ಎಂಬುದಷ್ಟೇ ಮುಖ್ಯ. ‘ಇಷ್ಟು ಖರ್ಚು ಮಾಡಿದ್ದೇವಲ್ಲ, ಇನ್ನೊಂದು ವರ್ಷ ಓಡಲಿ’ ಎಂಬ ಮಾತನ್ನು ಸೇವಾವಧಿಯಲ್ಲಿ ಅಸಂಖ್ಯ ಕಡತಗಳ ಮೇಲೆ ಓದಿದ್ದ ನಾನು, ಮನೆಯಲ್ಲಿಯೂ ಅದನ್ನೇ ಆಡುತ್ತಿದ್ದೆ!

ಮೊದಲು ವಿದ್ಯುತ್ತಿನ ಲೆಕ್ಕ ನೋಡೋಣ. ನಮ್ಮ ಹಳೆಯ ಯಂತ್ರ ಸರಾಸರಿ 80 ವಾಟ್ ಬಳಸುತ್ತದೆ. ದಿನವಿಡೀ ಚಾಲನೆಯಲ್ಲಿದ್ದರೆ ವರ್ಷಕ್ಕೆ ಸುಮಾರು 700 ಯೂನಿಟ್. ಇಂದಿನ ಅಂಗೈಯಗಲದ ಪುಟ್ಟ ಕಂಪ್ಯೂಟರ್ 15 ವಾಟ್‌ನಲ್ಲಿ ಇದೇ ಕೆಲಸ ಮಾಡಿದರೆ ಆಗುವುದು ಸುಮಾರು 131 ಯೂನಿಟ್. ಯೂನಿಟ್‌ಗೆ 7 ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ ಉಳಿಯುವುದು 4 ಸಾವಿರ ರೂಪಾಯಿ. ಹೊಸದಕ್ಕೆ 25 ಸಾವಿರ ರೂಪಾಯಿ ಹಾಕಿದರೆ, ಅದು ಹಿಂದಿರುಗಲು ಆರು ವರ್ಷಗಳಿಗೂ ಹೆಚ್ಚು ಬೇಕು. ವಿದ್ಯುತ್ ಉಳಿತಾಯವೊಂದನ್ನೇ ನೆಪ ಮಾಡಿಕೊಂಡು ಹೊಸದನ್ನು ಕೊಳ್ಳುವುದು ಜಾಣತನವೆನಿಸದು.

ಎರಡನೆಯದು ಸುರಕ್ಷತೆ. ಇಲ್ಲಿ ಯಂತ್ರದ ವಯಸ್ಸಿಗಿಂತ ತಂತ್ರಾಂಶದ ವಯಸ್ಸು ಹೆಚ್ಚು ನಿರ್ಣಾಯಕ. ಮಗ ಅಳವಡಿಸಿದ್ದು ‘ಸೆಂಟ್‌ಒಎಸ್ 7’ ಎಂಬ ಕಾರ್ಯಾಚರಣ ವ್ಯವಸ್ಥೆ. ಅದಕ್ಕೆ ನೀಡುತ್ತಿದ್ದ ಬೆಂಬಲ 2024ರ ಜೂನ್ 30ಕ್ಕೆ ಕೊನೆಗೊಂಡಿತು. ಅಂದಿನಿಂದ ಅದರಲ್ಲಿ ಯಾವ ಲೋಪ ಬಯಲಾದರೂ ಅದನ್ನು ಮುಚ್ಚುವ ಹೊಣೆ ಅದನ್ನು ಹೊರತಂದವರದಲ್ಲ. ‘ವಿಂಡೋಸ್ 10’ ಬಳಸುತ್ತಿದ್ದವರು 2025ರ ಅಕ್ಟೋಬರ್ 14ರಂದು ಇದೇ ಸ್ಥಿತಿಯನ್ನು ಎದುರಿಸಿದರು. ಹೊಸ ತಂತ್ರಾಂಶವನ್ನು ಹಳೆಯ ಯಂತ್ರ ಹೊರಬಲ್ಲುದಾದರೆ ಯಂತ್ರವನ್ನು ಎಸೆಯಬೇಕಿಲ್ಲ. ಹೊರಲಾರದಾದರೆ, ಗಟ್ಟಿಮುಟ್ಟಾಗಿದ್ದರೂ ಅದರ ನಿವೃತ್ತಿಯ ದಿನ ಬಂದಿತೆಂದೇ ತಿಳಿಯಬೇಕು.

ಮೂರನೆಯದು ಡಿಸ್ಕ್. ಹಗಲಿರುಳು ತಿರುಗುವ ಈ ಭಾಗ ಮುನ್ಸೂಚನೆ ಕೊಟ್ಟೇ ಕೆಡುತ್ತದೆಂಬ ನಂಬಿಕೆ ಬಹಳ ಮಂದಿಗಿದೆ. ಗೂಗಲ್ ಸಂಸ್ಥೆಯ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಪ್ರಬಲ ಮುನ್ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್‌ಗಳಿದ್ದು ಒಂದರದ್ದೇ ಪಡಿಯಚ್ಚು ಇನ್ನೊಂದರಲ್ಲಿದ್ದರೂ ನಿಶ್ಚಿಂತೆಯಿಲ್ಲ. ತಪ್ಪಿ ಅಳಿಸಿದ ಕಡತ ಎರಡರಿಂದಲೂ ಒಟ್ಟಿಗೇ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಹೋಗುತ್ತವೆ.

ಇಲ್ಲಿಯೇ ನಾನು ಮಾಡಿದ್ದ ಮೂಲ ತಪ್ಪು ಅರಿವಾಯಿತು. ಯಂತ್ರವನ್ನು ಯಾವಾಗ ಬದಲಿಸಬೇಕು ಎಂಬುದು ಒಂದು ಪ್ರಶ್ನೆ. ಅದರಲ್ಲಿರುವುದನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದು ಇನ್ನೊಂದು. ನಾನು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬುದು ಬಲ್ಲವರು ಹೇಳುವ ಸೂತ್ರ. ಹೀಗೆ ಮಾಡಿಟ್ಟರೆ ಯಂತ್ರದ ಸಾವು ಒಂದು ಖರ್ಚಿನ ಬಾಬತ್ತು ಮಾತ್ರ. ಮಾಡದಿದ್ದರೆ ನಿನ್ನೆ ತಂದ ಹೊಸ ಯಂತ್ರವೂ ಸುರಕ್ಷಿತವಲ್ಲ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ನಮ್ಮ ಸರ್ಕಾರಗಳ ಲೆಕ್ಕಪತ್ರ ಬಹುಮಟ್ಟಿಗೆ ನಗದು ಆಧಾರಿತವಾದುದು. ಹಣ ಬಂದ ದಿನ ಜಮೆ, ಹೋದ ದಿನ ಖರ್ಚು. ಸವಕಳಿಗೆ ಅಲ್ಲಿ ಸ್ಥಾನವಿಲ್ಲ. ಹೀಗಾಗಿ ಕಚೇರಿಗೆ ಕಂಪ್ಯೂಟರ್ ಕೊಳ್ಳಲು ಒಮ್ಮೆ ಅನುದಾನ ಸಿಗುತ್ತದೆ, ಅದು ಹಳತಾದಾಗ ಬದಲಿಸಲು ಯಾರೂ ಹಣ ತೆಗೆದಿಟ್ಟಿರುವುದಿಲ್ಲ. ಕೆಟ್ಟ ದಿನ ಪ್ರಸ್ತಾವ ಸಿದ್ಧವಾಗುತ್ತದೆ. ಅದು ಮಂಜೂರಾಗುವವರೆಗೆ ಕೌಂಟರಿನ ಮುಂದೆ ಜನ ನಿಂತಿರುತ್ತಾರೆ. ಈ ಪದ್ಧತಿಯನ್ನು ಟೀಕಿಸುವ ಮಧ್ಯಮವರ್ಗದ ನಾವು ನಮ್ಮ ಮನೆಯ ಲೆಕ್ಕವನ್ನೂ ಹಾಗೆಯೇ ಬರೆಯುತ್ತೇವೆ. ತಿಂಗಳಿಗೆ 400 ರೂಪಾಯಿ ಬೇರೆಯಾಗಿ ಇಟ್ಟಿದ್ದರೆ ಆರು ವರ್ಷಗಳಲ್ಲಿ 28,800 ರೂಪಾಯಿ ಆಗುತ್ತಿತ್ತು. ಬದಲಾವಣೆಯನ್ನು ಯಂತ್ರ ಚೆನ್ನಾಗಿರುವಾಗಲೇ, ನಾವೇ ಆರಿಸಿದ ದಿನದಂದು ಮಾಡಬಹುದಿತ್ತು. ಯಂತ್ರ ಸಾಯುವ ದಿನಕ್ಕೆ ಕಾದವರಿಗೆ ಆ ಆಯ್ಕೆಯಿರುವುದಿಲ್ಲ.

ನಾವೀಗ ಮೊದಲು ಪ್ರತಿಗಳನ್ನು ಮಾಡಿದ್ದೇವೆ. ಒಂದು ಬೀರುವಿನಲ್ಲಿರುವ ಡಿಸ್ಕಿನಲ್ಲಿ, ಇನ್ನೊಂದು ಮೈಸೂರಿನಲ್ಲಿರುವ ನಾದಿನಿಯ ಮನೆಯಲ್ಲಿ. ಪ್ರತಿ ತೆರೆಯುತ್ತದೆಯೇ ಎಂದು ಪರೀಕ್ಷಿಸದಿದ್ದರೆ ಅದು ಪ್ರತಿಯೇ ಅಲ್ಲವೆಂದು ಮಗ ಎಚ್ಚರಿಸಿದ್ದರಿಂದ, ತಿಂಗಳ ಮೊದಲ ಭಾನುವಾರ ಒಂದೆರಡು ಕಡತಗಳನ್ನು ತೆರೆದು ನೋಡುತ್ತೇವೆ. ಹೊಸ ಯಂತ್ರವನ್ನು ತರುವ ತಿಂಗಳನ್ನು ಡೈರಿಯಲ್ಲಿ ಬರೆದಾಗಿದೆ. ಹಳೆಯದನ್ನು ಗುಜರಿಗೆ ಹಾಕುವುದಿಲ್ಲ. ಡಿಸ್ಕನ್ನು ಪೂರ್ಣ ಅಳಿಸಿ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುತ್ತೇವೆ.

ಕಳೆದ ಭಾನುವಾರದ ಪರೀಕ್ಷೆಗೆ ಪತ್ನಿ ಆರಿಸಿದ್ದು ಒಂದು ಹಸೆಹಾಡು. ಬೀರುವಿನ ಡಿಸ್ಕಿನಿಂದ ಅದು ಸ್ಪಷ್ಟವಾಗಿಯೇ ಕೇಳಿಸಿತು. ನಡುವೆ ಅತ್ತೆಯವರು ಹಾಡು ಮರೆತು, ‘ಮುಂದೇನೇ?’ ಎಂದು ಮಗಳನ್ನು ಕೇಳಿದ್ದೂ ಹಾಗೆಯೇ ಇತ್ತು.